ದಂತರೋಗವನ್ನು ಹೋಲುವ ಸೈನಸ್ ಶಿಲೀಂಧ್ರ ಸೋಂಕು: ರೋಗನಿರ್ಣಯದ ನೆಲೆಗಳು

ಮೇಲ್ದವಡೆಯ ಸೈನಸ್ ಎಂಬುದು ಗಾಳಿ ತುಂಬಿದ ಅಸ್ಥಿಕುಹರ. ಅದರ ತಳಕ್ಕೂ ಮೇಲಿನ ದವಡೆಹಲ್ಲುಗಳ ಬೇರುಗಳಿಗೂ ನಡುವೆ ಇರುವುದು ತೆಳುವಾದ ಮೂಳೆಯ ಪದರ; ಕೆಲವರಲ್ಲಿ ಅದೂ ಇರುವುದಿಲ್ಲ. ಎರಡಕ್ಕೂ ಸಂವೇದನೆ ಒದಗಿಸುವ ನರಗಳು ಟ್ರೈಜೆಮಿನಲ್ ನರದ ಒಂದೇ ಶಾಖೆಯ ಕವಲುಗಳು. ಆದ್ದರಿಂದಲೇ ಸೈನಸ್ಸಿನ ಬೇನೆ ಹಲ್ಲುನೋವಾಗಿ ತೋರಬಲ್ಲದು. ಹಲ್ಲಿನ ಕೀವು ಸೈನಸ್ಸಿಗೂ ಹರಡಬಲ್ಲದು. ಸಾಮಾನ್ಯ ಸೋಂಕುಗಳಲ್ಲಿ ಈ ಗೊಂದಲವನ್ನು ಸರಿಪಡಿಸಲು ಬಹುಮಟ್ಟಿಗೆ ಕಾಲಾವಕಾಶವಿರುತ್ತದೆ. ಆದರೆ ಮ್ಯೂಕರ್‌ಮೈಕೋಸಿಸ್‌ನಂಥ ವಿರಳ ಶಿಲೀಂಧ್ರ ಸೋಂಕಿನಲ್ಲಿ ಕೆಲವೇ ದಿನಗಳ ವಿಳಂಬದಿಂದ ಕಣ್ಣು ಅಥವಾ ಪ್ರಾಣವೇ ಹೋಗಬಹುದು.

‘ಕಪ್ಪು ಶಿಲೀಂಧ್ರ’ವೆಂದು ಜನಬಳಕೆಗೆ ಬಂದ ಈ ರೋಗವನ್ನು ಕೋವಿಡ್ ಎರಡನೆಯ ಅಲೆಯ ವೇಳೆ, 2021ರ ಮೇ ತಿಂಗಳಿನಲ್ಲಿ, ಕರ್ನಾಟಕ ಸರ್ಕಾರ ಅಧಿಸೂಚಿತ ರೋಗವಾಗಿ ಘೋಷಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ವಿಶೇಷ ವ್ಯವಸ್ಥೆಯಾಯಿತು. ಅನಿಯಂತ್ರಿತ ಮಧುಮೇಹ ಮತ್ತು ಸ್ಟೀರಾಯ್ಡ್ ಬಳಕೆ ಇದಕ್ಕೆ ಪ್ರಮುಖ ಪೂರಕ ಕಾರಣಗಳು. ಇಂಥ ರೋಗಿ ದೊಡ್ಡಾಸ್ಪತ್ರೆಗೆ ಮೊದಲೇ ಬರುತ್ತಾನೆಂದು ಹೇಳಲಾಗದು. ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಂಥ ಕೈಗಾರಿಕಾ ಪ್ರದೇಶದಲ್ಲಿ ಹಲ್ಲುನೋವು ಬಂದ ಕಾರ್ಮಿಕನು ಸಹಜವಾಗಿ ಸಮೀಪದ ದಂತಚಿಕಿತ್ಸಾಲಯಕ್ಕೇ ಹೋಗಬಹುದು. ಆಗ ಸಂಶಯಪಡುವ ಮೊದಲ ಹೊಣೆ ದಂತವೈದ್ಯರದಾಗುತ್ತದೆ.

ಹುಳುಕಿಲ್ಲದ, ವಸಡುರೋಗದ ಹಿನ್ನೆಲೆಯಿಲ್ಲದ ಹಲವು ಹಲ್ಲುಗಳು ಒಂದೇ ಪಕ್ಕದಲ್ಲಿ ಒಮ್ಮೆಲೇ ಸಡಿಲವಾಗುವುದು ಗಂಭೀರ ಸೂಚನೆ. ಹಲ್ಲು ಕಿತ್ತ ಗಾಯ ಮಾಯದಿರುವುದು, ಕೆನ್ನೆಯ ಮರಗಟ್ಟುವಿಕೆ, ಮೂಗಿನಿಂದ ಕಪ್ಪು ಅಥವಾ ರಕ್ತಮಿಶ್ರಿತ ಸ್ರಾವ, ಕಣ್ಣಿನ ಸುತ್ತಲಿನ ಊತ ಇವುಗಳನ್ನೂ ಗಮನಿಸಬೇಕು. ಅಂಗುಳಿನ ಕಪ್ಪು ಕಲೆಗಾಗಿ ಕಾಯುವುದು ತಪ್ಪು. ಶಿಲೀಂಧ್ರವು ರಕ್ತನಾಳಗಳನ್ನು ಹೊಕ್ಕು ರಕ್ತಸಂಚಾರವನ್ನು ತಡೆದು ಅಂಗಾಂಶವನ್ನು ಕೊಂದ ಮೇಲೆ ಕಾಣುವ ಗುರುತು ಅದು.

ಹಲ್ಲಿನ ಸಾಮಾನ್ಯ ಎಕ್ಸ್‌ರೇ ಆರಂಭದಲ್ಲಿ ಏನನ್ನೂ ತೋರಿಸದಿರಬಹುದು. ಆದ್ದರಿಂದ ರಕ್ತದ ಸಕ್ಕರೆಯ ಪರೀಕ್ಷೆ, ಮೂಗಿನ ಎಂಡೋಸ್ಕೋಪಿ, ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಣ ಅಗತ್ಯವಾಗುತ್ತವೆ. ನಿರ್ಣಾಯಕವಾದುದು ಅಂಗಾಂಶದ ಪರೀಕ್ಷೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮ್ಯೂಕರ್ ಗುಂಪಿನ ಎಳೆಗಳು ಅಗಲವಾಗಿ, ಪಟ್ಟಿಯಂತೆ, ಅಡ್ಡಗೋಡೆಗಳು ವಿರಳವಾಗಿ ಕಾಣುತ್ತವೆ. ಆಸ್ಪರ್ಜಿಲಸ್‌ನ ಎಳೆಗಳು ಸಣ್ಣವು, ಅಡ್ಡಗೋಡೆಗಳುಳ್ಳವು, ಲಘುಕೋನದಲ್ಲಿ ಕವಲೊಡೆಯುವವು. ಈ ಪರೀಕ್ಷೆಯ ಫಲಿತಾಂಶ ಕೆಲವೇ ಗಂಟೆಗಳಲ್ಲಿ ದೊರೆಯುತ್ತದೆ. ಶಿಲೀಂಧ್ರದ ಕೃಷಿಗೆ ದಿನಗಳು ಬೇಕು. ಅದರಲ್ಲಿ ಬೆಳವಣಿಗೆ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ನಿರ್ಧರಿಸಲಾಗದು.

ಸಂಶಯ ಬಲವಾಗಿದ್ದರೆ ವರದಿಗಾಗಿ ಕಾಯದೆ ಆಂಫೊಟೆರಿಸಿನ್-ಬಿ ಆರಂಭಿಸಿ, ಸತ್ತ ಅಂಗಾಂಶವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಸಕ್ಕರೆಯನ್ನು ಹತೋಟಿಗೆ ತರುವುದು ಚಿಕಿತ್ಸೆಯ ಕ್ರಮ. ಇವೆಲ್ಲ ತಜ್ಞರ ಕೆಲಸ. ಆದರೆ ದೋಷವಿಲ್ಲದ ಹಲ್ಲು ಏಕೆ ಅಲುಗುತ್ತಿದೆ ಎಂಬ ಪ್ರಶ್ನೆಯನ್ನು, ಅದನ್ನು ಕೀಳುವ ಮುನ್ನವೇ, ಮೊದಲು ನೋಡಿದ ವೈದ್ಯರು ಕೇಳಿಕೊಂಡಲ್ಲಿ ಮಾತ್ರ ರೋಗಿ ಆ ತಜ್ಞರನ್ನು ಸಕಾಲದಲ್ಲಿ ತಲುಪುತ್ತಾನೆ.