ನಿಮಗಿದು ಗೊತ್ತೆ? ನಗದಿಗಿಂತ ಯುಪಿಐಗೇ ತೆರಿಗೆ ಕಡಿಮೆ!

ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂ. ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ಹೈದರಾಬಾದಿನ ಕಾಚಿಗೂಡದಲ್ಲಿ ಅಂಗಡಿಯಿಟ್ಟ ಕನ್ನಡಿಗರಿಗೆ ತೆಲಂಗಾಣದ ಮಿತಿ 20 ಲಕ್ಷವಷ್ಟೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಹಲವು ವ್ಯಾಪಾರಿಗಳು ಕ್ಯೂಆರ್ ಕೋಡ್ ತೆಗೆದು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಆದರೆ ಮಿತಿಗೆ ಲೆಕ್ಕವಾಗುವುದು ಒಟ್ಟು ವಹಿವಾಟೇ ಹೊರತು ಹಣ ಬಂದ ದಾರಿಯಲ್ಲ.

ಆದಾಯ ತೆರಿಗೆಯಲ್ಲಂತೂ ನಗದೇ ದುಬಾರಿ. ಅಂದಾಜು ಲಾಭದ ಪದ್ಧತಿಯಲ್ಲಿ ಐಟಿಆರ್-4 ಸಲ್ಲಿಸುವ ವ್ಯಾಪಾರಿ ನಗದು ವಹಿವಾಟಿನ ಕನಿಷ್ಠ ಶೇ 8, ಬ್ಯಾಂಕ್ ಮೂಲಕ ಬಂದದ್ದರ ಕನಿಷ್ಠ ಶೇ 6ರಷ್ಟನ್ನು ಲಾಭವೆಂದು ತೋರಿಸಬೇಕು. 2 ಕೋಟಿ ವಹಿವಾಟು ಪೂರ್ತಿ ನಗದಾದರೆ ಲಾಭ 16 ಲಕ್ಷ. ಬೇರೆ ಆದಾಯವಿಲ್ಲದಿದ್ದರೂ 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 1,24,800 ರೂ. ಪೂರ್ತಿ ಡಿಜಿಟಲ್ ಆದರೆ ಲಾಭ 12 ಲಕ್ಷ. ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ನಿಜವಾದ ಲಾಭ ಇದಕ್ಕಿಂತ ಕಡಿಮೆ ಎನ್ನುವವರು ಅಂದಾಜು ಲಾಭದ ಪದ್ಧತಿಯಿಂದ ಹೊರಬರಬಹುದು ನಿಜ. ಆದರೆ ಮಧ್ಯೆ ಬಿಟ್ಟರೆ ಮುಂದಿನ ಐದು ವರ್ಷ ಮರಳುವಂತಿಲ್ಲ, ಆದಾಯ ತೆರಿಗೆಯ ಮಿತಿ ದಾಟಿದ್ದರೆ ಲೆಕ್ಕಪುಸ್ತಕ, ಆಡಿಟ್ ಎರಡೂ ಬೇಕು.