ಉತ್ತರ ಕೊರಿಯಾದ ರಚ್ಚೆಗೆ ಮದ್ದೆಲ್ಲಿದೆ?

ಕ್ಷಿಪಣಿ ಹಾರಿಸುವುದು, ಜಗತ್ತು ಬೆಚ್ಚಿಬಿದ್ದ ಬಳಿಕ ಮಾತುಕತೆಗೆ ಕೂರುವುದು, ತೈಲವನ್ನೋ ಧಾನ್ಯವನ್ನೋ ಕೇಳುವುದು, ಮತ್ತೆ ಮುನಿಸಿಕೊಂಡು ಎದ್ದು ಹೋಗುವುದು. ಉತ್ತರ ಕೊರಿಯಾದ ಈ ವರಸೆಗೆ ಮೂರು ದಶಕ ಕಳೆದಿದೆ. ರಚ್ಚೆ ಹಿಡಿದ ಮಗುವಿಗೆ ಮಿಠಾಯಿ ಕೊಡಬೇಕೇ, ಬೆತ್ತ ತೋರಿಸಬೇಕೇ ಅಥವಾ ಕಂಡೂ ಕಾಣದಂತಿರಬೇಕೇ? ಮೂರನ್ನೂ ಪ್ರಯೋಗಿಸಿ ನೋಡಿಯಾಗಿದೆ.

ಮೊದಲಿನದು ಮಿಠಾಯಿ. ಯೊಂಗ್‌ಬ್ಯೊನ್‌ ಪರಮಾಣು ಸ್ಥಾವರವನ್ನು ಸ್ಥಗಿತಗೊಳಿಸಲು 1994ರ ಅಕ್ಟೋಬರ್‌ನಲ್ಲಿ ಜಿನೀವಾದಲ್ಲಿ ಅಮೆರಿಕದೊಂದಿಗೆ ಒಪ್ಪಂದವಾಯಿತು. ಪ್ರತಿಯಾಗಿ ವಿದ್ಯುತ್ ಉತ್ಪಾದನೆಗೆ ಎರಡು ಹೊಸ ಸ್ಥಾವರ, ವರ್ಷಕ್ಕೆ 5 ಲಕ್ಷ ಟನ್ ಇಂಧನ ತೈಲ. ಸ್ಥಾವರಗಳು ಪೂರ್ಣಗೊಳ್ಳಲೇ ಇಲ್ಲ. ಗುಟ್ಟಾಗಿ ಯುರೇನಿಯಂ ಸಂವರ್ಧನೆ ನಡೆದಿದೆ ಎಂದು 2002ರಲ್ಲಿ ಅಮೆರಿಕ ಆರೋಪಿಸಿತು. ಮರುವರ್ಷ ಜನವರಿಯಲ್ಲಿ ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದಲೇ ಹೊರನಡೆಯಿತು. ಆದರೆ ಆ ಎಂಟು ವರ್ಷ ಯೊಂಗ್‌ಬ್ಯೊನ್‌ನಲ್ಲಿ ಪ್ಲುಟೋನಿಯಂ ಉತ್ಪಾದನೆ ನಿಂತಿತ್ತು. ಒಪ್ಪಂದವನ್ನು ಹಳಿಯುವವರು ಮರೆಯುವುದು ಇದನ್ನೇ.

ಬೆತ್ತ ಹೊರಬಂದದ್ದು 2006ರ ಅಕ್ಟೋಬರ್ 9ರ ಮೊದಲ ಅಣ್ವಸ್ತ್ರ ಪರೀಕ್ಷೆಯ ಬಳಿಕ. ಐದೇ ದಿನಗಳಲ್ಲಿ ಭದ್ರತಾ ಮಂಡಳಿ ನಿರ್ಬಂಧ ಹೇರಿತು. 2017ರ ಹೊತ್ತಿಗೆ ಕಲ್ಲಿದ್ದಲು ರಫ್ತಿಗೆ ಪೂರ್ಣ ನಿಷೇಧ ಬಿದ್ದಿತ್ತು; ಸಂಸ್ಕರಿತ ತೈಲದ ಆಮದಿಗೆ ವರ್ಷಕ್ಕೆ 5 ಲಕ್ಷ ಬ್ಯಾರೆಲ್‌ಗಳ ಮಿತಿ ಹಾಕಲಾಯಿತು. ಒಬಾಮ ಆಡಳಿತ 'ವ್ಯೂಹಾತ್ಮಕ ಸಹನೆ'ಯ ಹೆಸರಿನಲ್ಲಿ ಕಾದು ನೋಡಿತು. ಆ ಸಹನೆಯ ಅವಧಿಯಲ್ಲೇ ನಾಲ್ಕು ಪರೀಕ್ಷೆಗಳು ನಡೆದವು. ಟ್ರಂಪ್ 2018ರಲ್ಲಿ ಸಿಂಗಪುರದಲ್ಲಿ ಕೈಕುಲುಕಿದರು, 2019ರ ಫೆಬ್ರುವರಿಯಲ್ಲಿ ಹನೋಯಿಯಿಂದ ಬರಿಗೈಯಲ್ಲಿ ಹಿಂದಿರುಗಿದರು.

ಇದನ್ನು ಬರೀ ಗಮನ ಸೆಳೆಯುವ ಚೇಷ್ಟೆ ಎಂದುಕೊಂಡದ್ದೇ ಬಹುಶಃ ಮೂಲ ತಪ್ಪು. ಲಿಬಿಯಾದ ಗಡಾಫಿ 2003ರಲ್ಲಿ ಅಣ್ವಸ್ತ್ರ ಯೋಜನೆ ಕೈಬಿಟ್ಟರು. 2011ರಲ್ಲಿ ಪದಚ್ಯುತರಾಗಿ ಹತರಾದರು. ಪ್ಯೊಂಗ್ಯಾಂಗ್ ಈ ಪಾಠವನ್ನು ಚೆನ್ನಾಗಿಯೇ ಓದಿಕೊಂಡಿದೆ. ಅಣ್ವಸ್ತ್ರ ನೀತಿಯನ್ನು 2023ರಲ್ಲಿ ಅದು ಸಂವಿಧಾನಕ್ಕೇ ಸೇರಿಸಿತು. ಇನ್ನು ಸೇನಾ ದಾಳಿಯ ಮಾತು ಆಡುವುದು ಸುಲಭ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಗಡಿಯಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಫಿರಂಗಿಗಳ ಬಾಯಿಗೆ ಎದುರಾಗಿದೆ.

ಭಾರತಕ್ಕೂ ಇದು ದೂರದ ಜಗಳವೇನಲ್ಲ. ಪಾಕಿಸ್ತಾನದ ಘೋರಿ ಕ್ಷಿಪಣಿಯ ಮೂಲ ಉತ್ತರ ಕೊರಿಯಾದ ನೊಡಾಂಗ್. 1999ರಲ್ಲಿ, ಕಾರ್ಗಿಲ್ ಕದನದ ದಿನಗಳಲ್ಲೇ, ಕ್ಷಿಪಣಿ ಭಾಗಗಳನ್ನು ಹೊತ್ತ ಆ ದೇಶದ ಹಡಗನ್ನು ಕಾಂಡ್ಲಾ ಬಂದರಿನಲ್ಲಿ ತಡೆಹಿಡಿಯಲಾಗಿತ್ತು.

ಉಳಿದಿರುವ ದಾರಿ ಸಣ್ಣದು: ಸಂಪೂರ್ಣ ನಿಶ್ಶಸ್ತ್ರೀಕರಣದ ಹಟ ಬದಿಗಿಟ್ಟು ಪರೀಕ್ಷೆ ಹಾಗೂ ಉತ್ಪಾದನೆಗೆ ತಡೆ ಕೇಳುವುದು, ಕ್ಷಾಮ ಕಂಡ ಜನರ ಅನ್ನವನ್ನು ಚೌಕಾಸಿಯಿಂದ ಹೊರಗಿಡುವುದು, ಆಯುಧ ಮಾರಾಟದ ಮೇಲೆ ಕಣ್ಣಿಡುವುದು. ಕೊನೆಯದೇ ಈಗ ಕಷ್ಟವಾಗಿದೆ. ನಿರ್ಬಂಧಗಳ ಮೇಲೆ ನಿಗಾ ಇಡುತ್ತಿದ್ದ ವಿಶ್ವಸಂಸ್ಥೆಯ ತಜ್ಞರ ಸಮಿತಿಯ ಮುಂದುವರಿಕೆಗೆ ರಷ್ಯಾ 2024ರ ಮಾರ್ಚ್‌ನಲ್ಲಿ ವಿಟೊ ಚಲಾಯಿಸಿತು; ಅದೇ ಜೂನ್‌ನಲ್ಲಿ ಪುಟಿನ್ ಪ್ಯೊಂಗ್ಯಾಂಗ್‌ಗೆ ತೆರಳಿ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದರು. ಬದಲಿಗೆ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸೇರಿ 11 ದೇಶಗಳು ಅಕ್ಟೋಬರ್‌ನಲ್ಲಿ ತಮ್ಮದೇ ನಿಗಾ ತಂಡ ರಚಿಸಿದವು. ಅದರಲ್ಲಿ ರಷ್ಯಾ ಇಲ್ಲ, ಉತ್ತರ ಕೊರಿಯಾದ ವ್ಯಾಪಾರದ ಬಹುಪಾಲನ್ನು ನಡೆಸುವ ಚೀನಾವೂ ಇಲ್ಲ.