ದಪ್ಪಕ್ಷರದ ದನಿ

ಸಹಪಾಠಿಯೊಬ್ಬನ ನೆರವಿಗೆಂದು ನನ್ನ ವಿದ್ಯಾರ್ಥಿಗಳು ಭಿತ್ತಿಪತ್ರವೊಂದನ್ನು ಅಚ್ಚು ಹಾಕಿಸಿ ತಂದರು. ದೂರದಿಂದಲೇ ಕಣ್ಣಿಗೆ ಬೀಳಲೆಂದು ಅಕ್ಷರಗಳನ್ನು ಆದಷ್ಟು ದಪ್ಪ ಮಾಡಿಸಿದ್ದರು. ಮಹಾಪ್ರಾಣದ ಹೊಟ್ಟೆ ಸೀಳುವ ಪುಟ್ಟ ಗೆರೆ ಅಕ್ಷರದ ಮೈಯಲ್ಲಿಯೇ ಅಡಗಿಹೋಗಿ, ‘ಧನಸಹಾಯ’ವು ‘ದನಸಹಾಯ’ವಾಗಿತ್ತು! ಎಲ್ಲರೂ ನಕ್ಕೆವು. ಆದರೆ, ಅಕ್ಷರಕ್ಕೆ ಇಷ್ಟು ದೊಡ್ಡ ದನಿ ಬಂದದ್ದಾದರೂ ಹೇಗೆಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಯೂರೋಪಿನಲ್ಲಿ ಅಚ್ಚಿನ ಮೊಳೆಗಳನ್ನು ಬಹುಕಾಲ ಮುಖ್ಯವಾಗಿ ಪುಸ್ತಕಕ್ಕಾಗಿಯೇ ಎರೆಯುತ್ತಿದ್ದರು. ಪುಸ್ತಕವಾದರೋ ಕೈಯಲ್ಲಿ ಹಿಡಿದು ಓದತಕ್ಕದ್ದು. ಅಲ್ಲಿ ಅಕ್ಷರ ಮೆಲುದನಿಯಲ್ಲಿ ನುಡಿದರೆ ಸಾಕು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳೆದ್ದು ಸರಕು ರಾಶಿಬಿದ್ದ ಮೇಲೆ, ದಾರಿಹೋಕನನ್ನು ಕೂಗಿ ನಿಲ್ಲಿಸುವ ಅಕ್ಷರ ಬೇಕಾಯಿತು. 1810ರ ದಶಕದಲ್ಲಿ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಅಂಥ ಮೊಳೆಗಳನ್ನು ಹೊರತಂದನು. ಗೆರೆಗಳೆಲ್ಲ ಬಹುಮಟ್ಟಿಗೆ ಒಂದೇ ದಪ್ಪ. ತುದಿಗಳಿಗೆ ಚಪ್ಪಡಿಗಲ್ಲಿನಂಥ ಚೌಕ ಪಾದ. ಈ ಜಾತಿಗೆ ‘ಈಜಿಪ್ಷಿಯನ್’ ಎಂಬ ಹೆಸರು ನಿಂತಿತು. ಈಜಿಪ್ಟಿನ ಲಿಪಿಗೂ ಇದಕ್ಕೂ ಸಂಬಂಧವಿಲ್ಲ. ಆ ದೇಶದ ಹುಚ್ಚು ಆಗಿನ ಜನಕ್ಕೆ ಹಿಡಿದಿತ್ತು, ಅಷ್ಟೆ.

ಗೇಣುದ್ದದ ಅಕ್ಷರವನ್ನು ಸೀಸದಲ್ಲಿ ಎರೆದರೆ ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಆದಕಾರಣ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ಉಪಾಯ ಕಂಡುಹಿಡಿದನು. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫನ್ನು ಜೋಡಿಸಿದ ಮೇಲೆ, ಒಂದೇ ಮಾದರಿಯಿಂದ ಹಲವು ಅಳತೆಯ ಅಕ್ಷರಗಳು ಹೊರಟವು. ಗೋಡೆಗಳಿಗೆ ಬಾಯಿ ಬಂದಿತು.

ಆ ಬಾಯಿ ಏನನ್ನು ನುಡಿಯಿತು? ಔಷಧ, ನಾಟಕ, ಸರ್ಕಸ್ಸು ಮಾತ್ರವಲ್ಲ, ಮನುಷ್ಯರ ಹರಾಜನ್ನೂ ಅದು ಸಾರಿತು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾಯಿದೆಯ ತರುವಾಯ, ಬಾಸ್ಟನ್ ನಗರದಲ್ಲಿ 1851ರ ಏಪ್ರಿಲ್ 24ರ ತಾರೀಖು ಹೊತ್ತ ಭಿತ್ತಿಪತ್ರವೊಂದು ಕಾಣಿಸಿಕೊಂಡಿತು. ಪೊಲೀಸರೊಡನೆ ಮಾತಿಗೆ ನಿಲ್ಲಬೇಡಿರೆಂದು ಅದು ಕರಿಯ ಜನರನ್ನು ಎಚ್ಚರಿಸುತ್ತಿತ್ತು. ‘ಎಚ್ಚರಿಕೆ’ ಎಂಬ ಪದ ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿತ್ತು. ಮಾರುವವನ ಕೈಗೆ ಒದಗಿದ ಬಗೆಯ ಮೊಳೆಯೇ ಕಾಯುವವನ ಕೈಗೂ ಒದಗಿತು. ಮೊಳೆಗೆ ಧರ್ಮಾಧರ್ಮವಿಲ್ಲ, ಅದನ್ನು ಜೋಡಿಸುವವನಿಗೆ ಉಂಟು.

ಕೂಗುವುದಷ್ಟೇ ದಪ್ಪಕ್ಷರದ ಕೆಲಸವಲ್ಲ. 1845ರಲ್ಲಿ ರಾಬರ್ಟ್ ಬೆಸ್ಲಿ ಹೊರತಂದ ‘ಕ್ಲಾರೆಂಡನ್’ ಅದೇ ಮನೆತನದ್ದು. ಆದರೆ ಸ್ವಭಾವದಲ್ಲಿ ಸೌಮ್ಯ. ನಿಘಂಟುಗಳಲ್ಲಿ ಪದವನ್ನು ಅರ್ಥದಿಂದ ಬೇರೆಯಾಗಿ ಎತ್ತಿ ತೋರಿಸುವ ಕೆಲಸಕ್ಕೆ ಅದು ಒದಗಿಬಂದಿತು. ನಿಘಂಟು ತೆರೆದಾಗಲೆಲ್ಲ ನಾವು ಅನುಭವಿಸುವ ಉಪಕಾರವಿದು. ಸುತ್ತಲಿನ ಸಾಲು ತೆಳುವಾಗಿರುವುದರಿಂದಲ್ಲವೆ ಅಲ್ಲಿ ಆ ಒಂದು ಪದ ಎದ್ದು ಕಾಣುವುದು? ಇಡೀ ಪುಟವೇ ಕೂಗಿದರೆ ಕೇಳುವವರಾರು?

ಭಿತ್ತಿಪತ್ರವನ್ನು ಇನ್ನೊಮ್ಮೆ ಅಚ್ಚು ಹಾಕಿಸುವಾಗ ಒಂದು ಪದವನ್ನು ಮಾತ್ರ ದಪ್ಪವಾಗಿಸಿ, ಅದರ ಸುತ್ತ ಧಾರಾಳವಾಗಿ ಬಿಳುಪು ಬಿಡಿರೆಂದು ಹುಡುಗರಿಗೆ ಹೇಳಿದೆನು. ಯಾವ ಪದವನ್ನೆಂದು ಅವರು ಕೇಳಿದರು. ‘ಧನ’ವನ್ನಲ್ಲ, ‘ಸಹಾಯ’ವನ್ನು ಎಂದೆನು.